ಬೆಂಗಳೂರಿನ ಬೇಸಿಗೆಯಲ್ಲಿ ಕಾಣುವ ಪುಟ್ಟ ಚಿಟ್ಟೆ, ಪತಂಗಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ಫೋಟೋಗಳು ಬರಲು ಶುರುವಾಗುತ್ತವೆ. ಬಾಲ್ಕನಿಯ ಕುಂಡದ ಮೇಲೆ ಕೂತದ್ದು, ಬಾತ್‌ರೂಮಿನ ಗೋಡೆಗೆ ಅಂಟಿದ್ದು, ರವೆ ಡಬ್ಬಿಯಿಂದ ಹಾರಿದ್ದು. ಎಲ್ಲದರ ಜೊತೆಗೂ ಒಂದೇ ಪ್ರಶ್ನೆ: ಇದೇನು? ಹೆಚ್ಚಿನವು ಹೆಬ್ಬೆರಳ ಉಗುರಿನಷ್ಟೇ ಇರುತ್ತವೆ, ಬಣ್ಣವೂ ಬೂದು ಇಲ್ಲವೇ ಕಂದು. ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಮೊದಲೇ ಒಂದು ಮಾತು: ಪುಟ್ಟ ಚಿಟ್ಟೆಗಳ ವಿಷಯದಲ್ಲಿ ಬಣ್ಣವನ್ನು ಕೊನೆಗೆ ನೋಡಿ. ಯಾವ ಗಿಡದ ಹತ್ತಿರ ಇತ್ತು, ಹೇಗೆ ಕೂತಿತ್ತು, ರೆಕ್ಕೆಯ ಕೆಳಮೈ ಹೇಗಿತ್ತು ಅನ್ನುವುದನ್ನು ಮೊದಲು ಗಮನಿಸಿದರೆ ಅರ್ಧ ಕೆಲಸ ಮುಗಿದಂತೆ.

ಬೇಸಿಗೆಯಲ್ಲಿ ಚಿಟ್ಟೆ ಸಿಗುತ್ತಾ? ಅದು ಮಳೆಗಾಲದ ಮಾತಲ್ವಾ?

ಜಾಸ್ತಿ ಸಿಗುವುದು ಮಳೆ ಮುಗಿಯುವ ಹೊತ್ತಿಗೆ, ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ. ಅದು ನಿಜ. ಆದರೆ ಬೆಂಗಳೂರಿನ ಬೇಸಿಗೆ ಪೂರ್ತಿ ಒಣಗಿದ ಕಾಲವಲ್ಲ. ಬೇಸಿಗೆ ಶುರುವಾಗುತ್ತಲೇ ಹೊಂಗೆ ಚಿಗುರುತ್ತದೆ, ಆಮೇಲೆ ಕಕ್ಕೆ ಹೂ ಬಿಡುತ್ತದೆ, ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಹೊತ್ತು ಗುಡುಗು ಮಳೆ ಸುರಿಯುತ್ತದೆ. ಎಳೆ ಚಿಗುರು ಇದ್ದಲ್ಲಿ ಮೊಟ್ಟೆ ಇಡಲು ಚಿಟ್ಟೆ ಬಂದೇ ಬರುತ್ತದೆ. ಒಂದೆರಡು ಒಳ್ಳೆ ಮಳೆ ಬಿದ್ದರೆ ಖಾಲಿ ಸೈಟಿನ ಕಳೆಗಿಡಗಳ ಮೇಲೆ ಓಡಾಟ ಕಾಣಿಸುತ್ತದೆ.

ಹೊತ್ತು ಮುಖ್ಯ. ಬೆಳಿಗ್ಗೆ ಎಂಟೂವರೆಯಿಂದ ಹನ್ನೊಂದರವರೆಗೆ ನೋಡಿ. ಆಮೇಲೆ ಬಿಸಿಲು ಏರಿದರೆ ಅವೂ ನೆರಳು ಹುಡುಕುತ್ತವೆ. ಮಧ್ಯಾಹ್ನವೇ ಬಿಡುವು ಅನ್ನುವವರು ಒದ್ದೆ ನೆಲ ನೋಡಿ: ಸಂಪ್ ತುಂಬಿ ಹರಿದ ಜಾಗ, ಕುಂಡದ ಕೆಳಗೆ ನೀರು ನಿಂತ ಮಣ್ಣು. ಅಲ್ಲಿ ಕೂತು ನೀರಿನ ಜೊತೆ ಉಪ್ಪಿನಂಶ ಹೀರುವವು ಹೆಚ್ಚಾಗಿ ಗಂಡು ಚಿಟ್ಟೆಗಳು. ಹೀರುವಾಗ ಅವಕ್ಕೆ ಮೈಮೇಲೆ ಪರಿವೆ ಇರುವುದಿಲ್ಲ, ಹತ್ತಿರ ಹೋಗಲು ಬಿಡುತ್ತವೆ.

ಚಿಟ್ಟೆ ಯಾವುದು, ಪತಂಗ ಯಾವುದು ಅಂತ ಹೇಗೆ ಹೇಳುವುದು?

ಮೀಸೆ ನೋಡಿ. ಚಿಟ್ಟೆಯ ಮೀಸೆಯ ತುದಿ ದಪ್ಪಗೆ ಗುಂಡಾಗಿರುತ್ತದೆ. ಪತಂಗದ ಮೀಸೆ ದಾರದಂತೆ ಸಣ್ಣಗಾಗುತ್ತಾ ಹೋಗುತ್ತದೆ, ಇಲ್ಲವೇ ಗರಿಯಂತೆ ಹರಡಿರುತ್ತದೆ. ಫೋನಿನಲ್ಲಿ ಜೂಮ್ ಮಾಡಿದರೆ ಕಾಣುತ್ತದೆ.

"ಹಗಲು ಹಾರುವುದು ಚಿಟ್ಟೆ, ರಾತ್ರಿ ಹಾರುವುದು ಪತಂಗ" ಅನ್ನುವ ಸೂತ್ರವನ್ನು ನಂಬಬೇಡಿ. ಹಗಲು ಹಾರುವ ಪತಂಗಗಳು ಈ ಊರಲ್ಲಿ ಬೇಕಾದಷ್ಟಿವೆ. ಕಾಮನ್ ಈವ್ನಿಂಗ್ ಬ್ರೌನ್ ಅನ್ನುವ ಚಿಟ್ಟೆ ಮುಸ್ಸಂಜೆಯಲ್ಲಿ ಹಾರಿ ಮನೆಯ ಲೈಟಿಗೂ ಬರುತ್ತದೆ. "ರೆಕ್ಕೆ ಮಡಿಸಿ ಕೂತರೆ ಚಿಟ್ಟೆ, ಹರಡಿ ಕೂತರೆ ಪತಂಗ" ಅನ್ನುವುದೂ ಅಷ್ಟೇ. ಹರಳು ಗಿಡದ ಮೇಲೆ ಸಿಗುವ ಆಂಗಲ್ಡ್ ಕ್ಯಾಸ್ಟರ್ ಚಿಟ್ಟೆ ರೆಕ್ಕೆ ಅಗಲಿಸಿ ಎಲೆಗೆ ಅಂಟಿಕೊಂಡಂತೆ ಕೂರುತ್ತದೆ.

ಸಂಖ್ಯೆಯಲ್ಲಿ ನೋಡಿದರೆ ಪತಂಗಗಳದೇ ಮೇಲುಗೈ. ನಮ್ಮ ದೇಶದಲ್ಲಿ ಚಿಟ್ಟೆಗಳು ಸುಮಾರು 1,300 ಬಗೆ, ಪತಂಗಗಳು 10,000ಕ್ಕೂ ಜಾಸ್ತಿ. ಹಾಗಾಗಿ ಗೋಡೆ ಮೇಲೆ ಗುರುತು ಸಿಗದ್ದೊಂದು ಕೂತಿದ್ದರೆ ಅದು ಪತಂಗ ಅಂತ ಊಹಿಸುವುದೇ ಲೇಸು.

ಪಾರ್ಕಿನ ಹುಲ್ಲಿನ ಮೇಲೆ ಪಾದದೆತ್ತರಕ್ಕೆ ಹಾರುವ ಪುಟ್ಟ ನೀಲಿ ಚಿಟ್ಟೆ ಯಾವುದು?

ಗ್ರಾಸ್ ಬ್ಲೂ. ಯಾವ ಗ್ರಾಸ್ ಬ್ಲೂ ಅನ್ನುವುದು ಮುಂದಿನ ತಲೆನೋವು. ನಮ್ಮಲ್ಲಿ ನಾಲ್ಕು ಬಗೆ ಇವೆ: ಪೇಲ್, ಡಾರ್ಕ್, ಲೆಸ್ಸರ್, ಟೈನಿ. ಹಾರುವಾಗ ಕಾಣುವ ನೀಲಿ ಮೇಲ್ಮೈಯದು. ಕೂತ ತಕ್ಷಣ ರೆಕ್ಕೆ ಮಡಿಸುತ್ತವೆ, ಆಗ ಬೂದಿ ಬಣ್ಣದ ಮೇಲೆ ಕಪ್ಪು ಚುಕ್ಕೆಗಳಷ್ಟೇ ಕಾಣುತ್ತವೆ. ಗುರುತು ಇರುವುದು ಆ ಚುಕ್ಕೆಗಳಲ್ಲೇ.

ಮುಂದಿನ ರೆಕ್ಕೆಯ ಕೆಳಮೈ ನೋಡಿ. ಒಳಭಾಗದಲ್ಲಿ, ಅಂದರೆ ಮೈಗೆ ಹತ್ತಿರದ ಅರ್ಧದಲ್ಲಿ, ಒಂಟಿ ಚುಕ್ಕೆಯೊಂದು ಎದ್ದು ಕಂಡರೆ ಡಾರ್ಕ್ ಗ್ರಾಸ್ ಬ್ಲೂ ಅಂತ ಯೋಚಿಸಿ. ಆ ಚುಕ್ಕೆ ಇಲ್ಲದಿದ್ದರೆ ಲೆಸ್ಸರ್ ಇರಬಹುದು. ರೆಕ್ಕೆಯ ಮೇಲಂಚಿನಲ್ಲೇ ಒಂದು ಪುಟ್ಟ ಚುಕ್ಕೆ ಇದ್ದು, ಚಿಟ್ಟೆಯೂ ತೀರಾ ಸಣ್ಣದಿದ್ದರೆ ಟೈನಿ. ಮೇಲ್ಮೈ ಬೆಳ್ಳಿ ಬೆರೆತ ತಿಳಿನೀಲಿಯಾಗಿದ್ದು, ಗಾತ್ರ ತುಸು ದೊಡ್ಡದಿದ್ದರೆ ಪೇಲ್. ಇದರ ಮರಿಹುಳ ಪುಲ್ಲಂಪುರಚಿ ಸೊಪ್ಪು ತಿನ್ನುತ್ತದೆ. ಕುಂಡಗಳಲ್ಲಿ ತಾನಾಗಿ ಹುಟ್ಟುವ, ಮೂರೆಲೆಯ, ಹುಳಿ ರುಚಿಯ ಸೊಪ್ಪು ಅದು. ಕಳೆ ಅಂತ ಪೂರ್ತಿ ಕಿತ್ತು ಹಾಕದಿದ್ದರೆ ನಾಲ್ಕನೇ ಮಹಡಿಯ ಬಾಲ್ಕನಿಗೂ ಪೇಲ್ ಗ್ರಾಸ್ ಬ್ಲೂ ಬರುತ್ತದೆ. ಡಾರ್ಕ್ ಗ್ರಾಸ್ ಬ್ಲೂ ಕಾಡುದಂಟು, ನೆಗ್ಗಿಲು ಇರುವ ಕಡೆ ಜಾಸ್ತಿ.

ಇವುಗಳ ನಡುವೆ ಇನ್ನೂ ಚಿಕ್ಕದೊಂದು ಸಿಗಬಹುದು, ಗ್ರಾಸ್ ಜ್ಯುವೆಲ್. ದೇಶದ ಅತಿ ಪುಟ್ಟ ಚಿಟ್ಟೆಗಳಲ್ಲಿ ಒಂದು. ಹಿಂದಿನ ರೆಕ್ಕೆಯ ಅಂಚಿನಲ್ಲಿ ಕಿತ್ತಳೆ ಬಣ್ಣ, ಅದರೊಳಗೆ ಹೊಳೆಯುವ ಕಪ್ಪು ಚುಕ್ಕೆಗಳ ಸಾಲು. ಬಿಸಿಲು ಬಿದ್ದಾಗ ಆ ಚುಕ್ಕೆಗಳಲ್ಲಿ ಲೋಹದ ಹೊಳಪು ಕಾಣುತ್ತದೆ. ಅಷ್ಟು ನೋಡಬೇಕೆಂದರೆ ಮಂಡಿಯೂರಿ ಕೂರಬೇಕು. ಪಾರ್ಕಿನಲ್ಲಿ ವಾಕಿಂಗ್ ಮಾಡುವವರು ಏನೋ ಕಳೆದುಕೊಂಡಿರಬೇಕು ಅಂದುಕೊಳ್ಳುತ್ತಾರೆ, ಪರವಾಗಿಲ್ಲ.

ಹೊಂಗೆ ಮರದ ಕೆಳಗೆ ತಿಳಿನೀಲಿ ಚಿಟ್ಟೆಗಳು ಗುಂಪಾಗಿ ಹಾರುತ್ತವೆ. ಅವೂ ಗ್ರಾಸ್ ಬ್ಲೂಗಳೇ?

ಅಲ್ಲ. ಹೊಂಗೆಯ ಎಳೆ ಚಿಗುರಿನ ಸುತ್ತ ಕಾಣುವ ತಿಳಿನೀಲಿ ಚಿಟ್ಟೆ ಹೆಚ್ಚಾಗಿ ಕಾಮನ್ ಸೆರುಲಿಯನ್. ಗ್ರಾಸ್ ಬ್ಲೂಗಿಂತ ದೊಡ್ಡದು, ಹಿಂದಿನ ರೆಕ್ಕೆಗೆ ದಾರದಂಥ ಬಾಲವಿದೆ. ಕೆಳಮೈ ಬೂದುಗಂದು, ಅದರ ಮೇಲೆ ಜೋಡಿ ಜೋಡಿಯಾಗಿ ಬಿಳಿ ಗೆರೆ, ಬಾಲದ ಬುಡದಲ್ಲಿ ಕಿತ್ತಳೆ ಸುತ್ತಿದ ಕಪ್ಪು ಚುಕ್ಕೆ.

ಅದೇ ಮರದಲ್ಲಿ ಕಂದು ಬಣ್ಣದ್ದೊಂದು ಕಣ್ಣಿಗೆ ಸಿಗದಷ್ಟು ಜೋರಾಗಿ ಹಾರಿ ಹೋಗಿ ಎಲೆಯ ಅಡಿಗೆ ಸೇರಿಕೊಂಡರೆ ಅದು ಕಾಮನ್ ಬ್ಯಾಂಡೆಡ್ ಆಲ್. ಎಲೆಯ ಕೆಳಗೆ ಬಗ್ಗಿ ನೋಡಿ. ಹಿಂದಿನ ರೆಕ್ಕೆಗೆ ಅಡ್ಡಲಾಗಿ ಎಳೆದ ಬಿಳಿ ಪಟ್ಟೆ ಸ್ಪಷ್ಟವಾಗಿ ಕಾಣುತ್ತದೆ. ಬೆಳಿಗ್ಗೆ ಬೇಗ ಮತ್ತು ಸಂಜೆ ಮಬ್ಬಿನಲ್ಲಿ ಇದರ ಓಡಾಟ ಜಾಸ್ತಿ. ಕೆಲವು ವರ್ಷ ಇದರ ಮರಿಹುಳಗಳು ಹೊಂಗೆಯ ಚಿಗುರನ್ನೆಲ್ಲ ಮೇಯ್ದುಬಿಡುತ್ತವೆ. ಮರಕ್ಕೆ ರೋಗ ಬಂತು ಅಂತ ಜನ ಗಾಬರಿ ಬೀಳುತ್ತಾರೆ. ಔಷಧಿ ಹೊಡೆಸುವ ಅಗತ್ಯವಿಲ್ಲ, ಮರ ಮತ್ತೆ ಚಿಗುರುತ್ತದೆ.

ನಗರದ ರಸ್ತೆ ಬದಿಯಲ್ಲಿ ಬೇಸಿಗೆ ಚಿಟ್ಟೆಗಳನ್ನು ನೋಡಲು ಒಂದೇ ಮರ ಆರಿಸಿ ಅಂದರೆ ನಾನು ಹೊಂಗೆಯನ್ನೇ ಹೇಳುತ್ತೇನೆ. ನೆರಳೂ ಸಿಕ್ಕಂತಾಯಿತು.

ನಮ್ಮ ಅಪಾರ್ಟ್‌ಮೆಂಟಿನ ಸೈಕಾಸ್ ಗಿಡದ ಹೊಸ ಎಲೆ ಪ್ರತಿ ಸಲ ಸುಟ್ಟಂತೆ ಒಣಗುತ್ತದೆ. ಸುತ್ತ ಸಣ್ಣ ಬೂದು ಚಿಟ್ಟೆಗಳಿವೆ. ಸಂಬಂಧ ಇದೆಯೇ?

ಇದೆ, ಖಂಡಿತ ಇದೆ. ಅದು ಪ್ಲೇನ್ಸ್ ಕ್ಯೂಪಿಡ್. ಇದರ ಕಥೆಯನ್ನು ಗೇಟಿನ ಪಕ್ಕದಲ್ಲೇ ನಿಂತು ಮೊದಲಿನಿಂದ ಕೊನೆವರೆಗೆ ನೋಡಬಹುದು.

ಸೈಕಾಸ್ ತಿಂಗಳುಗಟ್ಟಲೆ ಸುಮ್ನೆ ಇರುತ್ತದೆ. ಒಂದು ದಿನ ನಡುವಿನಿಂದ ಹೊಸ ಎಲೆಗಳು ಒಟ್ಟಿಗೆ ಏಳುತ್ತವೆ. ಆಗ ಅವು ಮೆತ್ತಗೆ, ತುದಿಯಲ್ಲಿ ಸುರುಳಿ ಸುತ್ತಿಕೊಂಡಿರುತ್ತವೆ. ಹೆಣ್ಣು ಚಿಟ್ಟೆಗೆ ಬೇಕಾದದ್ದು ಅದೇ. ಬಲಿತ ಎಲೆ ಗಟ್ಟಿ, ಮರಿಹುಳದ ಬಾಯಿಗೆ ಬಗ್ಗುವುದಿಲ್ಲ. ಹೊಸ ಚಿಗುರು ಎದ್ದ ಕೂಡಲೇ ಚಿಟ್ಟೆ ಬಂದು ಬಿಡಿ ಬಿಡಿಯಾಗಿ ಮೊಟ್ಟೆ ಇಡುತ್ತದೆ. ಮರಿಹುಳ ಚಪ್ಪಟೆಯಾಗಿರುತ್ತದೆ. ಬಣ್ಣ ಹಸಿರು, ಕೆಲವದು ಕೆಂಪು. ಎಲೆಯ ಮೆದು ಭಾಗವನ್ನೆಲ್ಲ ಕೆರೆದು ತಿಂದು, ಉಳಿದದ್ದು ಒಣಗಿ ಕಂದಾಗುತ್ತದೆ. ನೀವು ನೋಡುವ ಸುಟ್ಟ ಎಲೆ ಅದೇ.

ಹುಳ ಕಾಣದಿದ್ದರೆ ಇರುವೆ ಹುಡುಕಿ. ಈ ಹುಳದ ಮೈಯಿಂದ ಸಿಹಿ ದ್ರವ ಒಸರುತ್ತದೆ. ಅದಕ್ಕಾಗಿ ಇರುವೆಗಳು ಸುತ್ತ ಕಾವಲು ನಿಲ್ಲುತ್ತವೆ, ಮೀಸೆಯಿಂದ ಹುಳದ ಬೆನ್ನನ್ನು ತಟ್ಟುತ್ತಲೇ ಇರುತ್ತವೆ. ಚಿಗುರಿನ ಬುಡದಲ್ಲಿ ಇರುವೆಗಳು ಒಂದೇ ಜಾಗದಲ್ಲಿ ಸುತ್ತುತ್ತಿದ್ದರೆ ಹುಳ ಅಲ್ಲೇ ಇದೆ ಅಂತಲೇ ಲೆಕ್ಕ.

ಚಿಟ್ಟೆಯ ಗುರುತು: ಕೆಳಮೈ ಬೂದುಗಂದು, ಬಿಳಿ ಅಂಚಿನ ಗೆರೆಗಳು, ಹಿಂದಿನ ರೆಕ್ಕೆಯ ಬುಡದಲ್ಲಿ ಕೆಲವು ಕಪ್ಪು ಚುಕ್ಕೆ, ಬಾಲದ ಹತ್ತಿರ ಕಿತ್ತಳೆ ಟೋಪಿ ಹಾಕಿದ ಕಪ್ಪು ಚುಕ್ಕೆ. ಅಲಂಕಾರಕ್ಕೆ ಸೈಕಾಸ್ ನೆಟ್ಟ ಕಡೆಯೆಲ್ಲ ಈ ಚಿಟ್ಟೆ ಇದೆ. ಗಿಡ ಉಳಿಯಬೇಕೆಂದರೆ ಚಿಗುರು ಬಲಿಯುವವರೆಗೆ ತೆಳು ಸೊಳ್ಳೆಪರದೆ ಬಟ್ಟೆ ಮುಚ್ಚಿ. ಗಾರ್ಡನರ್ ಔಷಧಿ ತರುವ ಮೊದಲು ಇದನ್ನು ಹೇಳಿ ನೋಡಿ.

ಕಾಡುಬಸಳೆ ಎಲೆಯಲ್ಲಿ ಪಾರದರ್ಶಕ ಗುಳ್ಳೆಗಳು ಬಂದಿವೆ. ಗಿಡಕ್ಕೆ ರೋಗವೇ?

ರೆಡ್ ಪಿಯರೋ ಚಿಟ್ಟೆಯ ಮರಿಹುಳ ಎಲೆಯ ಒಳಗೇ ವಾಸ ಮಾಡುತ್ತಿದೆ. ಎಲೆಯ ಮೇಲಿನ ಸಿಪ್ಪೆ, ಕೆಳಗಿನ ಸಿಪ್ಪೆ ಎರಡನ್ನೂ ಬಿಟ್ಟು ನಡುವಿನ ತಿರುಳನ್ನು ತಿನ್ನುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಒಳಗೆ ಹುಳ ನಡೆಯುವುದೂ ಕಾಣುತ್ತದೆ, ಹಿಂದೆ ಬಿಟ್ಟ ಕಪ್ಪು ಹಿಕ್ಕೆಯೂ ಕಾಣುತ್ತದೆ. ಕಲಾಂಚೋ ಜಾತಿಯ ಬೇರೆ ಗಿಡಗಳಲ್ಲೂ ಇದೇ ಕಥೆ.

ಚಿಟ್ಟೆಯನ್ನು ಗುರುತಿಸುವುದು ಸುಲಭ. ರೆಕ್ಕೆ ಬಿಚ್ಚಿದರೆ ಕಪ್ಪು, ಹಿಂದಿನ ರೆಕ್ಕೆಯಲ್ಲಿ ದೊಡ್ಡ ಕಿತ್ತಳೆ ಮಚ್ಚೆ. ಮಡಿಸಿದರೆ ಬಿಳಿ ಮೇಲೆ ಕಪ್ಪು ಚುಕ್ಕೆ, ಅಂಚಿಗೆ ಕಿತ್ತಳೆ ಪಟ್ಟೆ. ನಿಧಾನಕ್ಕೆ, ಕೆಳಮಟ್ಟದಲ್ಲಿ ಹಾರುತ್ತದೆ. ಪುಟ್ಟ ಚಿಟ್ಟೆಗಳನ್ನು ನೋಡಲು ಹೊಸದಾಗಿ ಶುರು ಮಾಡುವವರು ತಾರಸಿಯ ಮೇಲೆ ಒಂದು ಕುಂಡ ಕಾಡುಬಸಳೆ ಇಟ್ಟರೆ ಸಾಕು.

ನಿಂಬೆ, ದಾಳಿಂಬೆ, ನೀಲಿ ಪ್ಲಂಬಾಗೊ ಗಿಡಗಳ ಸುತ್ತ ಬರುವವು ಯಾವುವು?

ನೀಲಿ ಪ್ಲಂಬಾಗೊ ಬೇಲಿಯ ಹತ್ತಿರ ಜೀಬ್ರಾ ಬ್ಲೂ. ಕೆಳಮೈ ತುಂಬ ಕಂದು-ಬಿಳಿ ಪಟ್ಟೆ, ಮೊಗ್ಗಿನ ಮೇಲೆ ಮೊಟ್ಟೆ ಇಡುತ್ತದೆ. ನಿಂಬೆಯ ಎಳೆ ಎಲೆಯಲ್ಲಿ ಹಸಿರು ಬಣ್ಣದ ಪುಟ್ಟ ಚಪ್ಪಟೆ ಹುಳ, ಜೊತೆಗೆ ಇರುವೆ ಇದ್ದರೆ ಲೈಮ್ ಬ್ಲೂ. ಅದೇ ನಿಂಬೆಯಲ್ಲಿ ಹಕ್ಕಿ ಹಿಕ್ಕೆಯಂಥ ಹುಳ ಕಂಡರೆ ಅದು ದೊಡ್ಡ ಚಿಟ್ಟೆಯ ಮರಿ, ಹೆಚ್ಚಾಗಿ ಲೈಮ್ ಸ್ವಾಲೋಟೇಲ್. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕೊಂಬು ಹೊರಹಾಕಿ ಘಾಟು ವಾಸನೆ ಬಿಡುತ್ತದೆ.

ದಾಳಿಂಬೆಯದು ಬೇರೆಯೇ ಜಾಣತನ. ಗ್ವಾವಾ ಬ್ಲೂ ಚಿಟ್ಟೆಯ ಮರಿಹುಳ ಕಾಯಿಗೆ ತೂತು ಕೊರೆದು ಒಳಗೆ ಸೇರುತ್ತದೆ. ಒಳಗೆ ತಿಂದು ಟೊಳ್ಳಾದ ಕಾಯಿ ಉದುರಿ ಬೀಳದಂತೆ, ಹೊರಗೆ ಬಂದು ಕಾಯಿಯ ತೊಟ್ಟನ್ನು ಕೊಂಬೆಗೆ ರೇಷ್ಮೆ ಎಳೆಯಿಂದ ಬಿಗಿಯುತ್ತದೆ! ತೂತು ಬಿದ್ದ ದಾಳಿಂಬೆ ಸಿಕ್ಕರೆ ತೊಟ್ಟಿನ ಹತ್ತಿರ ಆ ಎಳೆ ಹುಡುಕಿ.

ಕೂತ ಚಿಟ್ಟೆ ಹಿಂದಿನ ರೆಕ್ಕೆಗಳನ್ನು ಉಜ್ಜುತ್ತಲೇ ಇತ್ತು. ಯಾಕೆ?

ಬಾಲ ಇರುವ ಪುಟ್ಟ ನೀಲಿಗಳು ಹೀಗೆ ಮಾಡುತ್ತವೆ. ರೆಕ್ಕೆಯ ಹಿಂಬದಿಯ ಚುಕ್ಕೆ ಕಣ್ಣಿನಂತೆ, ಸಣ್ಣ ಬಾಲಗಳು ಮೀಸೆಯಂತೆ ಕಾಣುತ್ತವೆ. ಉಜ್ಜಿದಾಗ ಆ ಸುಳ್ಳು ಮೀಸೆ ಆಡುತ್ತದೆ. ಹಲ್ಲಿ, ಹಕ್ಕಿ ಅದೇ ತಲೆ ಅಂದುಕೊಂಡು ಅಲ್ಲಿಗೆ ಬಾಯಿ ಹಾಕಿದರೆ ರೆಕ್ಕೆಯ ಚೂರು ಹೋಗುತ್ತದೆ, ಜೀವ ಉಳಿಯುತ್ತದೆ. ಹಿಂದಿನ ರೆಕ್ಕೆಯ ಮೂಲೆಯೇ ಹರಿದು ಹೋದ ಪೀ ಬ್ಲೂ, ಗ್ರಾಮ್ ಬ್ಲೂಗಳು ಅವರೆ, ಅಲಸಂದೆ ಬೆಳೆದ ಕಡೆ ಆಗಾಗ ಸಿಗುತ್ತವೆ. ಅಂಥ ಫೋಟೋ ಕಳಿಸಿದರೆ ಹೆಸರು ಹೇಳುವುದು ಕಷ್ಟ, ಯಾಕೆಂದರೆ ಗುರುತು ಇರುವ ಜಾಗವೇ ಹೋಗಿರುತ್ತದೆ.

ಸಣ್ಣ ಹಳದಿ ಚಿಟ್ಟೆ? ಸಣ್ಣ ಬಿಳಿ ಚಿಟ್ಟೆ?

ಹಳದಿಯದು ಗ್ರಾಸ್ ಯೆಲ್ಲೋ. ಹೆಚ್ಚಿನ ಸಲ ಕಾಮನ್ ಗ್ರಾಸ್ ಯೆಲ್ಲೋ. ಕಕ್ಕೆ ಮರದ ಸುತ್ತ ಎತ್ತರದಲ್ಲಿ ಜೋರಾಗಿ ಹಾರುವ ತಿಳಿಹಳದಿ ಚಿಟ್ಟೆಗಳು ಬೇರೆ. ಅವು ಇದಕ್ಕಿಂತ ದೊಡ್ಡವು, ಕಾಮನ್ ಎಮಿಗ್ರಂಟ್.

ಬಿಳಿಯದು, ನೆರಳಲ್ಲಿ ನೆಲದ ಹತ್ತಿರ, ಈಗ ಬೀಳುತ್ತೋ ಆಗ ಬೀಳುತ್ತೋ ಅನ್ನುವಂತೆ ಹಾರುತ್ತಿದ್ದರೆ ಸೈಕಿ. ಮುಂದಿನ ರೆಕ್ಕೆಯ ಮೇಲೆ ಒಂದು ಕಪ್ಪು ಮಚ್ಚೆ. ಹಾರಾಟ ನೋಡಿಯೇ ಹೇಳಬಹುದು, ಫೋಟೋ ಬೇಕಿಲ್ಲ. ನಾಯಿಸಾಸಿವೆ ಗಿಡ ಬೆಳೆದ ಕಡೆ ಕಣ್ಣಿಡಿ.

ಕಂದು ಬಣ್ಣದ, ದಪ್ಪ ಮೈಯ, ಚಿಮ್ಮಿ ಚಿಮ್ಮಿ ಹಾರುವುದು ಪತಂಗವೇ?

ಪತಂಗದಂತೆ ಕಾಣುತ್ತದೆ, ಆದರೆ ಚಿಟ್ಟೆ. ಸ್ಕಿಪ್ಪರ್ ಗುಂಪಿನವು. ತಲೆ ಅಗಲ, ಕಣ್ಣು ದೊಡ್ಡದು, ಮೀಸೆಯ ತುದಿ ಗುಂಡಾಗಿರುವುದಲ್ಲದೆ ಕೊಕ್ಕೆಯಂತೆ ಬಾಗಿರುತ್ತದೆ. ಕೆಲವು ಮುಂದಿನ ರೆಕ್ಕೆ ಅರ್ಧ ಎತ್ತಿ, ಹಿಂದಿನ ರೆಕ್ಕೆ ಅಗಲಿಸಿ ಕೂರುತ್ತವೆ. ಆ ಭಂಗಿ ಬೇರೆ ಚಿಟ್ಟೆಗಳಲ್ಲಿ ಕಾಣುವುದಿಲ್ಲ.

ಕುಂಡದ ಪಾಮ್ ಗಿಡದ ಹತ್ತಿರ ಇದ್ದು, ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಕಪ್ಪು ಚುಕ್ಕೆಗಳಿದ್ದರೆ ಇಂಡಿಯನ್ ಪಾಮ್ ಬಾಬ್. ಅರಿಶಿನ, ಶುಂಠಿ ಹಾಕಿದ ಕುಂಡದ ಹತ್ತಿರ ಕಪ್ಪುಗಂದು ಮೈ, ದೊಡ್ಡ ಬಿಳಿ ಮಚ್ಚೆ ಇದ್ದರೆ ಗ್ರಾಸ್ ಡೀಮನ್. ತೀರಾ ಚಿಕ್ಕದು, ಕೆಂಪುಗಂದು, ಕೆಳಮೈಯಲ್ಲಿ ಎರಡು ಮೂರು ಬಿಳಿ ಚುಕ್ಕೆ ಇದ್ದರೆ ಚೆಸ್ಟ್‌ನಟ್ ಬಾಬ್. ಇದೇ ಗುಂಪಿನ ಸ್ವಿಫ್ಟ್ ಅನ್ನುವ ಕಂದು ಚಿಟ್ಟೆಗಳನ್ನು ಫೋಟೋದಲ್ಲಿ ಬಿಡಿಸುವುದು ಅನುಭವಿಗಳಿಗೂ ಸುಲಭವಲ್ಲ. "ಸ್ವಿಫ್ಟ್" ಅಂತ ಬರೆದು ಬಿಡಿ.

ಪುಸ್ತಕದ ಚಿತ್ರಕ್ಕೂ ನಾನು ನೋಡಿದ ಚಿಟ್ಟೆಗೂ ಹೊಂದುತ್ತಿಲ್ಲ. ಯಾಕೆ?

ಒಂದೇ ಚಿಟ್ಟೆಗೆ ಒಣಗಾಲದ ವೇಷ ಬೇರೆ, ಮಳೆಗಾಲದ ವೇಷ ಬೇರೆ. ಕಾಮನ್ ಈವ್ನಿಂಗ್ ಬ್ರೌನ್ ಮಳೆಗಾಲದಲ್ಲಿ ಸಾಲಾಗಿ ಕಣ್ಣಿನಂಥ ಚುಕ್ಕೆ ಹೊತ್ತಿರುತ್ತದೆ. ಬೇಸಿಗೆಯಲ್ಲಿ ಆ ಚುಕ್ಕೆಗಳು ಹೆಚ್ಚುಕಡಿಮೆ ಮಾಯ. ತರಗೆಲೆಗಳ ನಡುವೆ ಕೂತರೆ ಕಾಲಡಿಯಿಂದ ಹಾರುವವರೆಗೂ ಗೊತ್ತಾಗುವುದಿಲ್ಲ. ರಿಂಗ್, ಬುಷ್‌ಬ್ರೌನ್ ಗುಂಪಿನವುಗಳಲ್ಲೂ ಕಣ್ಣುಚುಕ್ಕೆ ಕುಗ್ಗಿ ಬರೀ ಬೊಟ್ಟಾಗುತ್ತದೆ. ಕಾಮನ್ ಗ್ರಾಸ್ ಯೆಲ್ಲೋ ಕೆಳಮೈಯಲ್ಲಿ ಕೆಂಪುಗಂದು ಕಲೆಗಳು ಮೂಡುತ್ತವೆ.

ಬಹಳ ಕಡೆ ಛಾಪಿಸುವುದು ಮಳೆಗಾಲದ ಚಂದದ ಚಿತ್ರವನ್ನೇ. ಏಪ್ರಿಲ್‌ನಲ್ಲಿ ಅದನ್ನಿಟ್ಟುಕೊಂಡು ಹೊರಟರೆ ಗೊಂದಲ ಗ್ಯಾರಂಟಿ. ಬಣ್ಣ ಕೊನೆಗೆ ಅಂದದ್ದು ಇದಕ್ಕೇ.

ಕೇಪಳ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತಿತ್ತು. ಹಮ್ಮಿಂಗ್‌ಬರ್ಡ್ ಅಲ್ವಾ?

ಅಲ್ಲ. ಹಮ್ಮಿಂಗ್‌ಬರ್ಡ್ ಭಾರತದಲ್ಲಿ ಇಲ್ಲವೇ ಇಲ್ಲ, ಅವು ಅಮೆರಿಕ ಖಂಡಗಳ ಹಕ್ಕಿಗಳು. ನೀವು ನೋಡಿದ್ದು ಹಾಕ್‌ಮಾತ್, ಅಂದರೆ ಪತಂಗ. ಮೀಸೆ ಇದ್ದರೆ ಹಕ್ಕಿಯಲ್ಲ, ಅಷ್ಟೇ!

ರೆಕ್ಕೆ ಗಾಜಿನಂತೆ ಪಾರದರ್ಶಕವಾಗಿದ್ದು, ಮೈ ಹಸಿರು ಮಿಶ್ರಿತ ಹಳದಿಯಾಗಿದ್ದರೆ ಕಾಫಿ ಬೀ ಹಾಕ್‌ಮಾತ್. ಕೋಶದಿಂದ ಹೊರಬಂದಾಗ ಇದರ ರೆಕ್ಕೆ ಮೇಲೂ ಪುಡಿ ಇರುತ್ತದೆ, ಮೊದಲ ಹಾರಾಟದಲ್ಲೇ ಉದುರಿ ಹೋಗುತ್ತದೆ. ಕಾಫಿ, ಗಾರ್ಡೇನಿಯಾ ಗಿಡಗಳ ಎಲೆ ಇದರ ಮರಿಹುಳದ ಊಟ. ಗಾಢ ಕಂದು ಮೈ, ಹಿಂದಿನ ರೆಕ್ಕೆಯಲ್ಲಿ ಹಳದಿ ಅಥವಾ ಕಿತ್ತಳೆ ಕಂಡರೆ ಮ್ಯಾಕ್ರೋಗ್ಲಾಸಮ್ ಗುಂಪಿನದು.

ಹಗಲು ಹೊತ್ತಿನಲ್ಲಿ ಬೇರೆ ಯಾವ ಪತಂಗಗಳು ಸಿಗುತ್ತವೆ?

ಬಿಳಿ ರೆಕ್ಕೆ, ಅದರ ಮೇಲೆ ಕೆಂಪು-ಕಪ್ಪು ಚುಕ್ಕೆ ಇರುವುದು ಯುಟೆಥೈಸಾ. ಒಣಗಿದ ಕಾಯಿ ಗಿಲಿಗಿಲಿ ಅನ್ನುವ ಕ್ರೊಟಲೇರಿಯಾ ಗಿಡಗಳ ಹತ್ತಿರ ಸಿಗುತ್ತದೆ. ಕಪ್ಪು ರೆಕ್ಕೆಯಲ್ಲಿ ಗಾಜಿನ ಕಿಟಕಿಗಳಂಥ ಮಚ್ಚೆ, ಹೊಟ್ಟೆಗೆ ಹಳದಿ ಪಟ್ಟೆ ಇದ್ದು ಕಣಜದಂತೆ ಹೆದರಿಸುವುದು ಹ್ಯಾಂಡ್‌ಮೇಡನ್ ಮಾತ್. ಕಚ್ಚುವುದಿಲ್ಲ, ವೇಷ ಮಾತ್ರ. ರೆಕ್ಕೆಗಳನ್ನು ಕಡ್ಡಿಯಂತೆ ಸುತ್ತಿ, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಕೂರುವುದು ಪ್ಲೂಮ್ ಮಾತ್.

ಹುಲ್ಲಿನ ಮೇಲೆ ಕಾಲಿಟ್ಟರೆ ಚಿಮ್ಮಿ ಎದ್ದು ಎರಡು ಮಾರು ದೂರ ಹೋಗಿ ಎಲೆಯಡಿ ಸೇರುವ ಕಂದು ಪತಂಗ, ರೆಕ್ಕೆಗೆ ಅಡ್ಡಲಾಗಿ ಬಿಳಿ ಪಟ್ಟೆ ಇದ್ದರೆ ಬೀಟ್ ವೆಬ್‌ವರ್ಮ್. ದಂಟಿನ ಸೊಪ್ಪಿನ ಕಟ್ಟಿನಲ್ಲಿ ಎಲೆಯನ್ನು ಎಳೆಯಿಂದ ಮಡಿಸಿಕೊಂಡು ಕೂತ ಹಸಿರು ಹುಳ ಇದರದ್ದೇ. ಹೂಕೋಸಿನಿಂದ ಹಾರುವ ಅತಿ ಸಣ್ಣ ಪತಂಗದ ಬೆನ್ನ ಮೇಲೆ ವಜ್ರದಾಕಾರದ ತಿಳಿ ಗುರುತಿದ್ದರೆ ಡೈಮಂಡ್‌ಬ್ಯಾಕ್.

ಬಾತ್‌ರೂಮಿನ ಗೋಡೆಯ ಮೇಲೆ ಕೂರುವ ಕಪ್ಪು ಪುಟ್ಟ ಪತಂಗ ಯಾವುದು?

ಅದು ಪತಂಗವೇ ಅಲ್ಲ, ನೊಣ. ಡ್ರೈನ್ ಫ್ಲೈ ಅನ್ನುತ್ತಾರೆ. ರೆಕ್ಕೆ ತುಂಬ ಕೂದಲು ಇರುವುದರಿಂದ ಪತಂಗದಂತೆ ಕಾಣುತ್ತದೆ. ಪತಂಗಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಮರಿಗಳು ಬೆಳೆಯುವುದು ಮೋರಿಯೊಳಗಿನ ಲೋಳೆಯಲ್ಲಿ. ಫಿನೈಲ್ ಸುರಿದರೆ ಸಾಲದು. ಜಾಲರಿ ತೆಗೆದು, ಬ್ರಷ್ ಹಾಕಿ ಲೋಳೆ ಉಜ್ಜಿ, ಬಿಸಿ ನೀರು ಬಿಡಬೇಕು. ಕಚ್ಚುವುದಿಲ್ಲ.

ಇದೇ ಸಾಲಿಗೆ ಸೇರುವ ಇನ್ನೊಂದು: ದಾಸವಾಳದ ಎಲೆ ಅಲ್ಲಾಡಿಸಿದರೆ ಪುಡಿಯಂತೆ ಏಳುವ ಬಿಳಿ ಹುಳಗಳು. ಅವು ಬಿಳಿ ನೊಣ, ಎಲೆಯ ರಸ ಹೀರುವ ಕೀಟ. ಅ‌ವೂ ಪತಂಗವಲ್ಲ.

ಗೋಡೆಗೆ ಅಂಟಿಕೊಂಡ ಬೂದು ಬೀಜದಂಥದ್ದು ಮಾರನೇ ದಿನ ಬೇರೆ ಕಡೆ ಇರುತ್ತದೆ! ಏನದು?

ಇದು ನನಗೆ ತುಂಬ ಇಷ್ಟದ ಪ್ರಶ್ನೆ. ನೋಡಲು ಧೂಳು ಹಿಡಿದ ಕುಂಬಳ ಬೀಜದಂತಿರುತ್ತದೆ. ಮೆಲ್ಲಗೆ ತೆಗೆದು ಬಿಳಿ ಕಾಗದದ ಮೇಲಿಟ್ಟು ಐದು ನಿಮಿಷ ಕಾಯಿರಿ. ಒಂದು ತುದಿಯ ಸೀಳಿನಿಂದ ಕಂದು ತಲೆ, ಮೂರು ಜೊತೆ ಕಾಲು ಹೊರಬರುತ್ತವೆ, ಚೀಲವನ್ನು ಎಳೆದುಕೊಂಡು ಹೊರಡುತ್ತದೆ. ಬೆರಳಿಂದ ಮುಟ್ಟಿದರೆ ಒಳಗೆ ಸೇರಿ, ಅಲ್ಲೇ ತಿರುಗಿ, ಇನ್ನೊಂದು ತುದಿಯಿಂದ ಇಣುಕುತ್ತದೆ. ಚೀಲಕ್ಕೆ ಎರಡೂ ಕಡೆ ಬಾಗಿಲು.

ಇದು ಬಟ್ಟೆ ನುಸಿಯ ಕುಟುಂಬಕ್ಕೇ ಸೇರಿದ ಪತಂಗವೊಂದರ ಮರಿಹುಳ, ಹೌಸ್‌ಹೋಲ್ಡ್ ಕೇಸ್‌ಬೇರರ್. ತಾನು ನೂಲುವ ರೇಷ್ಮೆಗೆ ಮರಳು, ಧೂಳು, ದಾರದ ಚೂರು ಅಂಟಿಸಿ ಚೀಲ ಮಾಡಿಕೊಳ್ಳುತ್ತದೆ. ಊಟ ಹಳೆಯ ಜೇಡರ ಬಲೆ, ಉದುರಿದ ಕೂದಲು, ಸತ್ತ ಕೀಟ. ಕೊನೆಗೆ ಚೀಲದೊಳಗೇ ಕೋಶವಾಗಿ ಸಣ್ಣ ಬೂದು ಪತಂಗ ಹೊರಬರುತ್ತದೆ. ಅದನ್ನು ಯಾರೂ ಗಮನಿಸುವುದಿಲ್ಲ. ಮನೆಯಲ್ಲಿ ಜಾಸ್ತಿ ಕಂಡರೆ ಬಲೆ ಹೊಡೆಯದೆ ಬಹಳ ದಿನವಾಗಿದೆ ಅಂತ ಅರ್ಥ. ಉಣ್ಣೆ ಬಟ್ಟೆಗಳನ್ನು ಮಾತ್ರ ಮುಚ್ಚಿಡಿ.

ರವೆ, ರಾಗಿ ಹಿಟ್ಟಿನ ಡಬ್ಬಿಯಿಂದ ಪತಂಗ ಹಾರಿತು. ಎಲ್ಲಿಂದ ಬಂತು?

ಅಂಗಡಿಯಿಂದಲೇ ಮೊಟ್ಟೆಯಾಗಿ ಬಂದಿರುತ್ತದೆ. ಬೇಸಿಗೆಯ ಬಿಸಿಗೆ ಬೇಗ ಬೆಳೆಯುತ್ತದೆ. ಇಡೀ ಪತಂಗ ಬೂದುಗಂದಾಗಿದ್ದರೆ ರೈಸ್ ಮಾತ್. ಮುಂದಿನ ರೆಕ್ಕೆಯ ಬುಡ ಕೆನೆ ಬಣ್ಣ, ತುದಿಯ ಅರ್ಧ ತಾಮ್ರದ ಬಣ್ಣ ಇದ್ದರೆ ಇಂಡಿಯನ್ ಮೀಲ್ ಮಾತ್. ಹಿಟ್ಟು ಎಳೆ ಎಳೆಯಾಗಿ ಗಂಟು ಕಟ್ಟಿದ್ದರೆ ಹುಳ ಒಳಗಿದೆ. ಎಸೆದುಬಿಡಿ. ಹಾಳಾಗದ ಕಾಳುಗಳನ್ನು ಬಿಸಿಲಿಗೆ ಹರಡಿ. ಹುಳಗಳು ಕೋಶ ಕಟ್ಟಲು ಡಬ್ಬಿಯಿಂದ ಹೊರಬಂದು ಗೋಡೆ ಹತ್ತುತ್ತವೆ. ಶೆಲ್ಫಿನ ಸಂದಿ, ಮುಚ್ಚಳದ ಅಂಚು, ಚಾವಣಿಯ ಮೂಲೆ ಒರೆಸದಿದ್ದರೆ ಮತ್ತೆ ಬರುತ್ತವೆ.

ನಾವು ಓಡಿಸುವ ರೈಸ್ ಮಾತನ್ನು ಬೇಕೆಂದೇ ಸಾಕುವವರೂ ಇದ್ದಾರೆ. ಬೆಳೆಯ ಹುಳಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟು ಅವುಗಳನ್ನು ಮುಗಿಸುವ ಟ್ರೈಕೋಗ್ರಾಮ ಎಂಬ ಅತಿ ಸಣ್ಣ ಕಣಜವಿದೆ. ರೈತರಿಗೆ ಕೊಡಲು ಅದನ್ನು ದೊಡ್ಡ ಸಂಖ್ಯೆಯಲ್ಲಿ ಬೆಳೆಸುವುದು ಈ ಪತಂಗದ ಮೊಟ್ಟೆಯ ಮೇಲೆಯೇ. ಇಂಥ ಮಿತ್ರಕೀಟಗಳ ಕೆಲಸವನ್ನೂ ಮಾಡುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಬೆಂಗಳೂರಿನಲ್ಲೇ ಇದೆ.

ಪತಂಗ ಲೈಟಿನ ಸುತ್ತ ಯಾಕೆ ಸುತ್ತುತ್ತದೆ?

ಬೆಳಕಿಗೆ ಮೋಹ, ಚಂದ್ರನೆಂದು ಭ್ರಮೆ ಅಂತೆಲ್ಲ ಹೇಳುತ್ತಿದ್ದರು. 2024ರ ಜನವರಿಯಲ್ಲಿ ಪ್ರಕಟವಾದ ಅಧ್ಯಯನವೊಂದು ವೇಗದ ಕ್ಯಾಮೆರಾಗಳಲ್ಲಿ ಚಿತ್ರಿಸಿ ಬೇರೆಯೇ ವಿವರಣೆ ಕೊಟ್ಟಿತು. ರಾತ್ರಿಯಲ್ಲೂ ನೆಲಕ್ಕಿಂತ ಆಕಾಶವೇ ಬೆಳ್ಳಗಿರುತ್ತದೆ. ಬೆಳಕಿರುವ ಕಡೆಗೆ ಬೆನ್ನು ಮಾಡಿ ಹಾರಿದರೆ ಮೇಲೆ ಯಾವುದು, ಕೆಳಗೆ ಯಾವುದು ತಪ್ಪುವುದಿಲ್ಲ. ಬಲ್ಬಿನ ಹತ್ತಿರ ಬಂದಾಗಲೂ ಕೀಟ ಅದಕ್ಕೆ ಬೆನ್ನು ತಿರುಗಿಸುತ್ತದೆ, ಹಾಗಾಗಿ ವಾಲಿ ವಾಲಿ ಸುತ್ತಲು ಶುರು ಮಾಡುತ್ತದೆ. ಬಲ್ಬಿನ ಮೇಲೆ ಹೋದರೆ ಬೆನ್ನಡಿಯಾಗಿ ಬೀಳುತ್ತದೆ.

ಮೊದಲ ಬೇಸಿಗೆ ಮಳೆಯ ಸಂಜೆ ಟ್ಯೂಬ್‌ಲೈಟಿಗೆ ಮುತ್ತಿ, ಬೆಳಿಗ್ಗೆ ರಾಶಿ ರೆಕ್ಕೆ ಬಿಟ್ಟು ಹೋಗುವವು ಪತಂಗಗಳಲ್ಲ. ಅವು ಈಸಲು, ರೆಕ್ಕೆ ಬಂದ ಗೆದ್ದಲು.

ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತಾ?

ಇಲ್ಲ. ಆ ಪುಡಿ ರೆಕ್ಕೆಯ ಹುರುಪೆಗಳು. ಕಣ್ಣಿಗೆ ಬಿದ್ದರೆ ಧೂಳು ಬಿದ್ದಷ್ಟೇ ಕಿರಿಕಿರಿ, ನೀರಿನಲ್ಲಿ ತೊಳೆದರೆ ಆಯಿತು. ಎಚ್ಚರ ಬೇಕಾದದ್ದು ಕಂಬಳಿಹುಳದ ಕೂದಲಿಗೆ. ಅದು ತಾಗಿದರೆ ಉಜ್ಜಬೇಡಿ. ಅಂಟು ಟೇಪ್ ಒತ್ತಿ ಕಿತ್ತು ಕೂದಲು ತೆಗೆದು, ಆಮೇಲೆ ಸೋಪಿನಲ್ಲಿ ತೊಳೆಯಿರಿ. ಕಣ್ಣಿಗೆ ಹೋದರೆ ಡಾಕ್ಟರ ಹತ್ತಿರ ಹೋಗಿ.

ಹೆಸರು ಹೇಳಲು ಎಂಥ ಫೋಟೋ ಬೇಕು? ಯಾವ ಆ್ಯಪ್ ಒಳ್ಳೆಯದು?

ಚಿಟ್ಟೆಯಾದರೆ ರೆಕ್ಕೆ ಮಡಿಸಿದಾಗಿನ ಪಕ್ಕದ ಫೋಟೋ ಮೊದಲು. ಬಿಚ್ಚಿದಾಗ ಸಿಕ್ಕರೆ ಅದೂ ಇರಲಿ. ಪತಂಗವಾದರೆ ಮೇಲಿನಿಂದ ನೇರವಾಗಿ. ಜೊತೆಗೆ ಗಿಡದ್ದೊಂದು, ತಾರೀಕು, ಬಡಾವಣೆಯ ಹೆಸರು. ಅತಿ ಹತ್ತಿರ ಹೋಗಬೇಡಿ, ನಿಮ್ಮ ನೆರಳು ಬಿದ್ದರೆ ಸಾಕು ಹಾರುತ್ತವೆ. ಒಂದಡಿ ದೂರದಿಂದ ತೆಗೆದು ಆಮೇಲೆ ಕ್ರಾಪ್ ಮಾಡಿ.

ಐನ್ಯಾಚುರಲಿಸ್ಟ್ ಶುರು ಮಾಡಲು ಒಳ್ಳೆಯದು, ಇನ್ನೊಬ್ಬರು ನೋಡಿ ತಿದ್ದುತ್ತಾರೆ. ಫೋಟೋ ಹುಡುಕಾಟದಲ್ಲಿ ಬರುವ ಹೆಸರು ಎಷ್ಟೋ ಸಲ ಅಮೆರಿಕದ್ದೋ ಯುರೋಪಿನದ್ದೋ ಆಗಿರುತ್ತದೆ. ಅದು ಬೆಂಗಳೂರಲ್ಲಿ ಇದೆಯೇ ಅಂತ ನೋಡಿಕೊಳ್ಳಿ. ಅದಕ್ಕೆ ಬಟರ್‌ಫ್ಲೈಸ್ ಆಫ್ ಇಂಡಿಯಾ, ಮಾತ್ಸ್ ಆಫ್ ಇಂಡಿಯಾ ತಾಣಗಳಿವೆ, ಜಿಲ್ಲೆ, ರಾಜ್ಯದ ದಾಖಲೆ ಸಮೇತ ಸಿಗುತ್ತದೆ. ಹಿಡಿದು, ಸಾಯಿಸಿ, ಪಿನ್ ಚುಚ್ಚಿ ಗುರುತಿಸುವ ಅಗತ್ಯ ನಮಗಿಲ್ಲ. ಕೆಲವು ಚಿಟ್ಟೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲೂ ಇವೆ.

ಮಕ್ಕಳಿಗೆ ರಜೆ. ಊರೊಳಗೆ ಎಲ್ಲಿಗೆ ಕರೆದುಕೊಂಡು ಹೋಗಲಿ?

ಲಾಲ್‌ಬಾಗ್, ಕಬ್ಬನ್ ಪಾರ್ಕ್ ಎಲ್ಲರಿಗೂ ಹತ್ತಿರ. ಆದರೆ ಕತ್ತರಿಸಿದ ಲಾನ್ ಬಿಟ್ಟು ಕಳೆ ಬೆಳೆದ ಅಂಚುಗಳಲ್ಲಿ ನೋಡಿ. ಹಳದಿ ನಡುವಿನ, ಬಿಳಿ ಎಸಳಿನ ಟ್ರೈಡಾಕ್ಸ್ ಹೂ ಇರುವ ಕಡೆ ಪುಟ್ಟ ನೀಲಿಗಳು ಸಿಕ್ಕೇ ಸಿಗುತ್ತವೆ. ಜೆ.ಪಿ. ನಗರದ ಕಡೆಯವರಿಗೆ ದೊರೆಸಾನಿಪಾಳ್ಯದ ಕಾಡು, ಕನಕಪುರ ರಸ್ತೆ ಕಡೆಯವರಿಗೆ ತುರಹಳ್ಳಿ ಕಾಡು, ಉತ್ತರದವರಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಹೋಗುವ ಮೊದಲು ಒಳಗೆ ಬಿಡುವ ಹೊತ್ತು ವಿಚಾರಿಸಿ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನ 2006ರಲ್ಲಿ ಶುರುವಾದದ್ದು. ಅಲ್ಲಿ ದೊಡ್ಡ ಚಿಟ್ಟೆಗಳು ಚೆನ್ನಾಗಿ ಕಾಣುತ್ತವೆ, ಪುಟ್ಟವುಗಳಿಗೆ ನಿಮ್ಮ ಬೀದಿಯ ಖಾಲಿ ಸೈಟೇ ವಾಸಿ. ಟೋಪಿ, ನೀರಿನ ಬಾಟಲಿ ಮರೆಯಬೇಡಿ, ಹನ್ನೊಂದಕ್ಕೆಲ್ಲ ವಾಪಸ್ ಬನ್ನಿ.